ಗಿಟಾರಿಗೂ ಒಂದು ಹದ

ನಿಮ್ಮ ಮನೆಯ ಬೀರುವಿನ ಮೇಲೆ ಏನೇನಿದೆ, ಒಮ್ಮೆ ನೆನಪಿಸಿಕೊಳ್ಳಿ. ಹಳೆಯ ಸೂಟ್‌ಕೇಸು, ಹಬ್ಬಕ್ಕೊಮ್ಮೆ ಇಳಿಸುವ ಹಿತ್ತಾಳೆ ಪಾತ್ರೆ, ದಸರಾ ಗೊಂಬೆಗಳ ಪೆಟ್ಟಿಗೆ. ಇವುಗಳ ನಡುವೆ, ಮಕ್ಕಳು ಹಟ ಮಾಡಿ ಕೊಡಿಸಿಕೊಂಡು ಆಮೇಲೆ ಕೈಬಿಟ್ಟ ಸಾಮಾನೊಂದು ಇದ್ದೇ ಇರುತ್ತದೆ, ಅಲ್ಲವೇ? ನಮ್ಮ ಮನೆಯಲ್ಲಿ ಅದು ಕಪ್ಪು ಚೀಲದೊಳಗಿನ ಎಲೆಕ್ಟ್ರಿಕ್ ಗಿಟಾರು. ನಾಲ್ಕು ತಿಂಗಳು ಅಲ್ಲೇ ಧೂಳು ತಿನ್ನುತ್ತಾ ಮಲಗಿತ್ತು.

ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಕೇಳಿದ್ದು ಅದೊಂದನ್ನೇ. ನಾನು ಚೀಟಿ ಹಣ ಎತ್ತಿ ಇಟ್ಟುಕೊಂಡಿದ್ದೆ. ಗಿಟಾರು, ಪುಟ್ಟದೊಂದು ಆಂಪ್ಲಿಫೈಯರು, ವಯರು ಎಲ್ಲಾ ಸೇರಿ ೧೨ ಸಾವಿರ ರೂಪಾಯಿ. "ಮೋಟಾರಿನ ಹೊಲಿಗೆ ಮಿಷನ್ ತಗೋಬೇಕು ಅಂತಿದ್ದೆಯಲ್ಲ?" ಎಂದರು ನಮ್ಮ ಯಜಮಾನರು. "ಇರಲಿ ಬಿಡಿ, ಕಾಲಲ್ಲಿ ತುಳಿಯೋದು ಅಭ್ಯಾಸ ಆಗಿದೆ" ಎಂದೆ. ಅತ್ತೆಯವರದು ಬೇರೆಯೇ ಆಕ್ಷೇಪಣೆ. "ವೀಣೆ ಕಲಿಯೋದು ಬಿಟ್ಟು ಕರೆಂಟು ಹಾಕೋ ವಾದ್ಯ ಯಾಕೆ?" ಅವರ ಭಜನೆಯ ಶ್ರುತಿಪೆಟ್ಟಿಗೆಗೂ ಕರೆಂಟೇ ಬೇಕೆಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ!

ಮೊದಲ ತಿಂಗಳು ಮನೆಯೆಲ್ಲಾ ಗಿಟಾರು. ಎರಡನೆಯ ತಿಂಗಳಿಗೆ ಹುಡುಗಿಯ ಎಡಗೈ ಬೆರಳುಗಳ ತುದಿಯಲ್ಲಿ ಕೆಂಪು ಗೀರುಗಳು. ಅದು ಎಲ್ಲರಿಗೂ ಆಗುವುದೇ, ಚರ್ಮ ಗಟ್ಟಿಯಾಗುತ್ತದೆ ಎಂದರು ಕ್ಲಾಸಿನ ಮೇಷ್ಟರು. ಆದರೆ ಇವಳ ನೋವು ಕಡಿಮೆಯಾಗಲಿಲ್ಲ. ಅನ್ನ ಕಲಸುವಾಗ ಹುಳಿ ತಾಗಿದರೆ "ಸ್ಸ್" ಎನ್ನುತ್ತಿದ್ದಳು. "ಎಷ್ಟು ಒತ್ತಿದ್ರೂ ಸ್ವರ ಸರಿ ಬರಲ್ಲಮ್ಮಾ" ಎಂದು ಒಂದು ಸಂಜೆ ಅಳುಮುಖ ಮಾಡಿದಾಗ ನಾನು ಏನೆಂದೆ ಗೊತ್ತೇ? "ಆರಂಭಶೂರತ್ವ! ನಿನ್ನ ಕೈಲಾಗಲ್ಲ ಅಂದ್ರೆ ಮೊದಲೇ ಹೇಳಬೇಕಿತ್ತು. ಹೊಲಿಗೆ ಮಿಷನ್ನಾದ್ರೂ ಮನೆಗೆ ಬರ್ತಿತ್ತು." ಅವಳು ಎದುರು ಮಾತಾಡಲಿಲ್ಲ. ಸ್ಟೂಲು ಎಳೆದುಕೊಂಡು ತಾನೇ ಗಿಟಾರನ್ನು ಬೀರುವಿನ ಮೇಲಕ್ಕೇರಿಸಿದಳು. ಅದು ಕಾರ್ತಿಕ ಮಾಸ.

ಶಿವರಾತ್ರಿ ಕಳೆದ ಮೇಲೆ ನಮ್ಮ ಗ್ರೈಂಡರು ಕೆಟ್ಟಿತು. ರಿಪೇರಿಗೆ ಬಂದವರು ನಮ್ಮ ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಹಿರಿಯರು. ವಯಸ್ಸಿನಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸಿದವರೆಂದು ನನಗೆ ಆವತ್ತೇ ತಿಳಿದದ್ದು. ಬೀರುವಿನ ಮೇಲಿನ ಚೀಲದ ಆಕಾರ ನೋಡಿಯೇ ಅವರ ಕಣ್ಣು ಅರಳಿತು. "ಅಕ್ಕಾವ್ರೇ, ಒಂದ್ಸಲ ನೋಡ್ಲಾ?" ಎಂದರು. ತೆಗೆದುಕೊಟ್ಟೆ. ಬಡಗಿಗಳು ಮರದ ಪಟ್ಟಿ ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನ ಉದ್ದಕ್ಕೂ ನೋಡಿದರು. ಒಂದೆರಡು ಕಡೆ ತಂತಿ ಒತ್ತಿದರು. ಮುಖ ಗಂಟಾಯಿತು.

"ಇದನ್ನ ಒತ್ತೋದಕ್ಕೆ ನಂಗೇ ಕಷ್ಟ ಆಗ್ತಿದೆ. ಪಾಪ, ಮಗು ಹೆಂಗೆ ಒತ್ತೀತು? ಅಂಗಡಿಯಿಂದ ತಂದ ಮೇಲೆ ಸೆಟ್ಟಿಂಗ್ ಮಾಡಿಸಲಿಲ್ವಾ?"

ಸೆಟ್ಟಿಂಗ್! ಹೊಸ ಸಾಮಾನಿಗೆ ಎಂಥ ಸೆಟ್ಟಿಂಗ್? ಮಾರಿದ ಅಂಗಡಿಯಾತ ಒಂದು ಮಾತೂ ಹೇಳಿರಲಿಲ್ಲ. ಮಗಳು ಇಷ್ಟು ಬೇಗ ಬಿಟ್ಟಳೆಂದು ನಾನು ಅವನ ಹತ್ತಿರ ಹೇಳಿಕೊಂಡಾಗ, ಹುಡುಗಿಯರ ಬೆರಳು ಮೆದು ಎಂದು ನಕ್ಕಿದ್ದ ಬೇರೆ.

ಆ ಕ್ಷಣ ನನಗೆ ನೆನಪಾದದ್ದು ನನ್ನದೇ ವೀಣೆ. ಹದಿಮೂರನೇ ವಯಸ್ಸಿನಲ್ಲಿ ಅಪ್ಪನ ಸೋದರತ್ತೆಯ ಹಳೆಯ ವೀಣೆಯಲ್ಲಿ ಪಾಠಕ್ಕೆ ಕೂತಿದ್ದೆ. ಮೇಲಿನ ಸ್ಥಾಯಿಗೆ ಹೋದರೆ ಸಾಕು, ಅಪಸ್ವರ. "ಇವಳಿಗೆ ಶ್ರುತಿಜ್ಞಾನ ಸಾಲದು" ಎಂದರು ಪಾಠ ಹೇಳುತ್ತಿದ್ದವರು. ಒಂದೂವರೆ ವರ್ಷಕ್ಕೆ ಬಿಟ್ಟುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ನನ್ನ ತಮ್ಮನ ಹೆಂಡತಿ ಆ ವೀಣೆಯನ್ನು ದುರಸ್ತಿಗೆ ಕೊಟ್ಟಳು. ವೀಣೆಯ ೨೪ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ ಎಂಬುದು ನಿಮಗೆ ತಿಳಿದಿರಬಹುದು. ಸೆಕೆಗೆ ಆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜಾಗ ಬಿಟ್ಟು ಸರಿಯುತ್ತವೆ. ಹೊಸದಾಗಿ ಮೇಳ ಕಟ್ಟಿಕೊಟ್ಟ ಕಸುಬಿನವರು ಹೇಳಿದರಂತೆ: "ಇಷ್ಟು ದಿನ ಇದರಲ್ಲಿ ಸರಸ್ವತಿಯೇ ಬಂದು ನುಡಿಸಿದ್ರೂ ಅಪಸ್ವರವೇ!" ಕೇಳಿ ಆವತ್ತು ನಾವೆಲ್ಲಾ ನಕ್ಕಿದ್ದೆವು. ನಾನೂ ನಕ್ಕಿದ್ದೆ.

ಮಗಳು ಕಾಲೇಜಿನಿಂದ ಬಂದ ಮೇಲೆ ಕೂರಿಸಿಕೊಂಡು ಹೇಳಿದೆ, "ತಪ್ಪು ನಿನ್ನದಲ್ಲ ಕಣೇ. ನಾನು ಹಾಗನ್ನಬಾರದಿತ್ತು." ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸರಿ ಮಾಡಕ್ಕಾಗತ್ತಂತಾ?" ಎಂದಳು.

ಆಗುತ್ತದೆ. ಅದೂ ಮನೆಯಲ್ಲೇ. ಎರಡು ಭಾನುವಾರ ಆ ಹಿರಿಯರು ನಮ್ಮ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಹೇಳಿಕೊಟ್ಟರು. ಕೈಯಾಡಿಸಿದ್ದು ನಾನು ಮತ್ತು ಮಗಳು. ನನ್ನಂಥ ಹೈಸ್ಕೂಲು ಓದಿದ ಗೃಹಿಣಿ ಮಾಡಿದ್ದನ್ನು ನೀವೂ ಮಾಡಬಹುದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಪರಿಚಯವಾಗಲಿ. ನಮ್ಮದು ಅಮೆರಿಕದ ಲಿಯೋ ಫೆಂಡರ್ ೧೯೫೪ರಲ್ಲಿ ಹೊರತಂದ ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ನಕಲು. ಈಗ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಗಿಟಾರುಗಳಲ್ಲಿ ಎಷ್ಟೋ ಇದೇ ಅಚ್ಚಿನವು. ಈ ಫೆಂಡರ್ ಮಹಾಶಯ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರು ನುಡಿಸಲು ಅವರಿಗೆ ಬರುತ್ತಲೇ ಇರಲಿಲ್ಲವಂತೆ! ರಿಪೇರಿಯವರ ಬುದ್ಧಿಯಲ್ಲವೇ, ಕತ್ತು, ಕುದುರೆ, ವಯರು ಎಲ್ಲವನ್ನೂ ಸ್ಕ್ರೂ ಬಿಚ್ಚಿ ಸರಿಮಾಡುವ ಹಾಗೆಯೇ ಇಟ್ಟರು. ಇದನ್ನು ಕೇಳಿದ ಮೇಲೆ ನನಗೆ ಅರ್ಧ ಭಯ ಹೋಯಿತು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಗಿಟಾರಿನ ಜೊತೆಗೇ ಬರುವ, ಮೊಣಕೈ ಮಡಿಸಿದಂತಿರುವ ಎರಡು ಅಲೆನ್ ಕೀಲಿಗಳು, ಸಣ್ಣ ಸ್ಕ್ರೂಡ್ರೈವರು, ಅರ್ಧ ಮಿಲಿಮೀಟರಿನ ಗೆರೆಗಳಿರುವ ಸ್ಟೀಲ್ ಸ್ಕೇಲು, ಒಂದು ವಿಸಿಟಿಂಗ್ ಕಾರ್ಡು, ಶ್ರುತಿ ತೋರಿಸುವ ಟ್ಯೂನರ್, ಹಳೆಯ ಪಂಚೆಯ ತುಂಡು. ಮಂಚದ ಮೇಲೆ ದಪ್ಪ ಟವೆಲ್ ಹಾಸಿ, ಕತ್ತಿನ ಕೆಳಗೆ ಸುತ್ತಿದ ಬಟ್ಟೆ ಇಟ್ಟು ಗಿಟಾರನ್ನು ಮಲಗಿಸಿ. ಎಣ್ಣೆ ನೀರಿಗೆ ಮಗು ಮಲಗಿಸಿದ ಹಾಗೆ!

ಆರಂಭ ಹೊಸ ತಂತಿಯಿಂದ. ನಾಲ್ಕು ತಿಂಗಳು ಬಿದ್ದಿದ್ದ ತಂತಿಗೆ ತುಕ್ಕು ಹಿಡಿದಿತ್ತು. ಹೊಸದರಲ್ಲಿ ತೆಳುವಾದ ಸೆಟ್ ಕೇಳಿ ತೆಗೆದುಕೊಳ್ಳಿ. ಅಂಗಡಿಯವರು 'ಒಂಬತ್ತರ ಸೆಟ್' ಎನ್ನುತ್ತಾರೆ. ಅದರ ಅತಿ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರ ಭಾಗದಲ್ಲಿ ಒಂಬತ್ತು ಭಾಗ, ಅಂದರೆ ೦.೨೩ ಮಿಲಿಮೀಟರು. ಕಲಿಯುವ ಬೆರಳಿಗೆ ಇದು ಹಿತ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒರೆಸಲು ಅನುಕೂಲವೆಂದು ಆರೂ ತಂತಿಗಳನ್ನು ಒಟ್ಟಿಗೇ ಬಿಚ್ಚಿಬಿಟ್ಟೆ. ಈ ಮಾದರಿಯಲ್ಲಿ ಕುದುರೆ ಒಂದು ಕಡೆ ತಂತಿಗಳ ಎಳೆತಕ್ಕೂ ಇನ್ನೊಂದು ಕಡೆ ಬೆನ್ನಿನೊಳಗಿರುವ ಸ್ಪ್ರಿಂಗುಗಳ ಎಳೆತಕ್ಕೂ ನಡುವೆ ತಕ್ಕಡಿಯಂತೆ ನಿಂತಿರುತ್ತದೆ. ತಂತಿ ಹೋದದ್ದೇ ತಡ, ಕುದುರೆ ಟಪ್ಪೆಂದು ಹಿಂದಕ್ಕೆ ಬಿತ್ತು. ಆಮೇಲೆ ಒಂದು ತಂತಿ ಶ್ರುತಿ ಮಾಡಿದರೆ ಮೊದಲು ಮಾಡಿದ್ದು ಇಳಿಯುತ್ತದೆ, ಅದನ್ನು ಏರಿಸಿದರೆ ಇನ್ನೊಂದು. ಒಂದು ಮಧ್ಯಾಹ್ನವೆಲ್ಲಾ ಅದೇ ಆಯಿತು, ಸಾರಿಗೆ ಒಗ್ಗರಣೆ ಹಾಕುವುದೂ ಮರೆತುಹೋಯಿತು. ಒಂದು ತಂತಿ ಬಿಚ್ಚಿ ಅದರ ಜಾಗಕ್ಕೆ ಹೊಸದು ಹಾಕಿ, ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ. ಬಿರಡೆಗೆ ಎರಡು ಮೂರು ಸುತ್ತು ಸಾಕು. ತಂತಿಯನ್ನು ಮೆಲ್ಲಗೆ ಎಳೆದೆಳೆದು ಮತ್ತೆ ಶ್ರುತಿ ಮಾಡಿದರೆ ಪದೇ ಪದೇ ಇಳಿಯುವುದಿಲ್ಲ. ಮುಖ ಮಾತ್ರ ದೂರವಿರಲಿ, ತುಂಡಾದ ತಂತಿ ಚಾಟಿಯಂತೆ ಬೀಸುತ್ತದೆ.

ಶ್ರುತಿ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಇದು ಕೂಡಿದ ಮೇಲೆಯೇ ಮುಂದಿನ ಅಳತೆಗಳೆಲ್ಲಾ.

ಎರಡನೆಯದು ಕತ್ತು. ಈ ಆರು ತಂತಿಗಳು ಸೇರಿ ಕತ್ತನ್ನು ಎಳೆಯುವ ಭಾರ ಸುಮಾರು ೪೦ ಕಿಲೋ ಎಂದರೆ ನಂಬುತ್ತೀರಾ? ಇಪ್ಪತ್ತೈದು ಕೆಜಿಯ ಅಕ್ಕಿ ಚೀಲ ಒಂದೂವರೆ! ಹಗಲೂ ರಾತ್ರಿ ಅಷ್ಟು ಎಳೆದರೆ ಮರ ಬಿಲ್ಲಿನಂತೆ ಬಾಗದೆ ಇರುತ್ತದೆಯೇ? ಅದಕ್ಕೇ ಕತ್ತಿನೊಳಗೆ ಒಂದು ಉಕ್ಕಿನ ಸರಳು ಹುದುಗಿಸಿರುತ್ತಾರೆ, ಟ್ರಸ್ ರಾಡ್ ಎನ್ನುತ್ತಾರೆ. ಅದರ ತುದಿಯ ನಟ್ಟು ನಮ್ಮ ಗಿಟಾರಿನಲ್ಲಿ ತಲೆಯ ಹತ್ತಿರ ಇದೆ. ಪರೀಕ್ಷೆ ಸುಲಭ. ದಪ್ಪ ತಂತಿಯನ್ನು ಒಂದನೇ ಮೆಟ್ಟಿಲಿನಲ್ಲಿ ಒಬ್ಬರು ಒತ್ತಿ ಹಿಡಿಯಿರಿ, ಕೊನೆಯ ಮೆಟ್ಟಿಲಿನಲ್ಲಿ ಇನ್ನೊಬ್ಬರು. ಈಗ ತಂತಿಯೇ ಗೀಟು ಹಾಕುವ ದಾರದಂತೆ ನೆಟ್ಟಗಾಯಿತು. ಎಂಟನೇ ಮೆಟ್ಟಿಲಿನ ಹತ್ತಿರ ತಂತಿಗೂ ಮೆಟ್ಟಿಲಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು, ಅಂದರೆ ಕಾಲು ಮಿಲಿಮೀಟರಿನ ಆಸುಪಾಸು ಜಾಗ ಇದ್ದರೆ ಹದ. ನಮ್ಮದರಲ್ಲಿ ಆ ಹಿರಿಯರ ಅಂಗಡಿಯ ಕಾರ್ಡುಗಳು ಮೂರು ಒಟ್ಟಿಗೇ ತೂರಿದವು!

ತಂತಿಯನ್ನು ಸ್ವಲ್ಪ ಸಡಿಲಿಸಿ, ನಟ್ಟನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ. ಬರೀ ಕಾಲು ಸುತ್ತು. ಮತ್ತೆ ಶ್ರುತಿ ಮಾಡಿ, ಮತ್ತೆ ಕಾರ್ಡಿಟ್ಟು ನೋಡಿ. ಬಲಕ್ಕೆ ತಿರುಗಿಸಿದರೆ ಕತ್ತು ನೆಟ್ಟಗಾಗುತ್ತದೆ, ಎಡಕ್ಕೆ ಸಡಿಲಿಸಿದರೆ ಬಾಗುತ್ತದೆ. ಕೈಗೆ ಬಿಗಿ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಸಕ್ಕರೆ ಪಾಕದ ಹಾಗೆ ಇದು, ಆತುರ ಪಟ್ಟವರಿಗೆ ಕೆಡುತ್ತದೆ. ಪಾಕ ಕೆಟ್ಟರೆ ಇನ್ನೊಂದು ಪಾವು ಸಕ್ಕರೆ ಹೋದೀತು, ಸರಳು ಮುರಿದರೆ ಕತ್ತನ್ನೇ ಬದಲಾಯಿಸಬೇಕಾದೀತು. ನಾವು ಆ ಭಾನುವಾರ ಅರ್ಧ ಸುತ್ತಿಗೆ ನಿಲ್ಲಿಸಿ, ಮರ ಹೊಂದಿಕೊಳ್ಳಲೆಂದು ಒಂದು ವಾರ ಬಿಟ್ಟು ಮತ್ತೆ ಕಾಲು ಸುತ್ತು ತಿರುಗಿಸಿದೆವು.

ಇನ್ನು ನಮ್ಮ ಹುಡುಗಿಯ ಕಣ್ಣೀರಿಗೆ ಕಾರಣವಾದ ಎತ್ತರ. ಹನ್ನೆರಡನೇ ಮೆಟ್ಟಿಲಿನ ಮೇಲೆ ಸ್ಕೇಲು ನಿಲ್ಲಿಸಿ, ಮೆಟ್ಟಿಲಿನ ನೆತ್ತಿಯಿಂದ ತಂತಿಯ ತಳಕ್ಕೆ ಎಷ್ಟಿದೆ ನೋಡಿ. ದಪ್ಪ ತಂತಿಗೆ ೨ ಮಿಲಿಮೀಟರು, ಸಣ್ಣ ತಂತಿಗೆ ಒಂದೂವರೆ ಇದ್ದರೆ ಕಲಿಯುವವರಿಗೆ ಚೆನ್ನ. ನಮ್ಮದರಲ್ಲಿ ಮೂರೂವರೆಯ ಮೇಲಿತ್ತು. ಒಂದೂವರೆ ಮಿಲಿಮೀಟರು ಹೆಚ್ಚಾದರೆ ಏನು ಮಹಾ ಅನ್ನಿಸಬಹುದು. ಆದರೆ ಪ್ರತಿ ಸಲವೂ ಅಷ್ಟು ದೂರ ಉಕ್ಕಿನ ತಂತಿಯನ್ನು ಬೆರಳು ಕೆಳಗೆ ತಳ್ಳಬೇಕು. ಅಷ್ಟೇ ಅಲ್ಲ, ಹೆಚ್ಚು ತಳ್ಳಿದಷ್ಟೂ ತಂತಿ ಎಳೆದುಕೊಂಡು ಶ್ರುತಿ ಮೇಲಕ್ಕೇರುತ್ತದೆ. "ಎಷ್ಟು ಒತ್ತಿದ್ರೂ ಸ್ವರ ಸರಿ ಬರಲ್ಲಮ್ಮಾ" ಎಂದಳಲ್ಲ, ಅದು ಅಕ್ಷರಶಃ ನಿಜ. ಅವಳು ಒತ್ತಿದಷ್ಟೂ ಸ್ವರ ತಪ್ಪುತ್ತಿತ್ತು. ಅಪಸ್ವರ ಅವಳ ಕಿವಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ.

ಇದನ್ನು ಇಳಿಸುವುದು ಕುದುರೆಯ ಬಳಿ. ವೀಣೆಯಲ್ಲಾದರೆ ಒಂದೇ ದೊಡ್ಡ ಕುದುರೆ, ಇಲ್ಲಿ ಪ್ರತಿ ತಂತಿಗೂ ಒಂದೊಂದು ಪುಟ್ಟ ಲೋಹದ ಕುದುರೆ. ಅದರ ತಲೆಯಲ್ಲಿ ಸಾಸಿವೆ ಗಾತ್ರದ ಎರಡು ಸ್ಕ್ರೂಗಳು. ಸಣ್ಣ ಅಲೆನ್ ಕೀಲಿಯಿಂದ ಎರಡನ್ನೂ ಸಮನಾಗಿ ತಿರುಗಿಸಿ. ಕನ್ನಡಕ ಹಾಕಿಕೊಂಡೇ ಕೂರಿ, ನಲವತ್ತು ದಾಟಿದವರಿಗೆ ಇದು ಬರಿಗಣ್ಣಿಗೆ ಕಾಣುವ ಕೆಲಸವಲ್ಲ. ಇಳಿಸುತ್ತಾ ಹೋದಂತೆ ಒಂದು ಹಂತದಲ್ಲಿ ತಂತಿ ಮೆಟ್ಟಿಲಿಗೆ ತಾಗಿ ಜಿರ್ ಎನ್ನಲು ಶುರುವಾಗುತ್ತದೆ. ಆಸೆ ಬಿದ್ದು ನಾನು ಹಾಗೇ ಇಳಿಸಿದೆ, ಜೀರುಂಡೆ ಹಿಂಡೇ ಮನೆಗೆ ಬಂದ ಹಾಗಾಯಿತು! ಮತ್ತೆ ಸ್ವಲ್ಪ ಏರಿಸಿ, ಪ್ರತಿ ಮೆಟ್ಟಿಲಿನಲ್ಲೂ ನುಡಿಸಿ ನೋಡಿ.

ತಲೆಯ ಬಳಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯ ಗಾಡಿಗಳು ಆಳ ಸಾಲದಿದ್ದರೂ ಮೊದಲ ಮೆಟ್ಟಿಲುಗಳಲ್ಲಿ ಒತ್ತುವುದು ಕಷ್ಟ. ಆದರೆ ಅದನ್ನು ಅರದಿಂದ ಉಜ್ಜುವುದು ಬಲ್ಲವರ ಕೆಲಸ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೂ ಪಟ್ಟಿಯೇ ಹಾಳು. ನಾವು ಅಲ್ಲಿ ಮಾಡಿದ್ದು ಇಷ್ಟೇ: ಮೊನಚು ಪೆನ್ಸಿಲ್ಲಿನಿಂದ ಗಾಡಿಗಳಿಗೆ ಸೀಸ ಹಚ್ಚಿದೆವು. ತಂತಿ ಅಲ್ಲಿ ಸಿಕ್ಕಿಕೊಳ್ಳದೆ ನಯವಾಗಿ ಜಾರುತ್ತದೆ, ಶ್ರುತಿ ನಿಲ್ಲುತ್ತದೆ.

ಎತ್ತರ ಕೂಡಿದ ಮೇಲೆ ಉದ್ದ. ಸಂಗೀತ ಕಲಿತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹನ್ನೆರಡನೇ ಮೆಟ್ಟಿಲಿನ ನೆತ್ತಿ ತಂತಿಯ ನಡುಮಧ್ಯ. ಖಾಲಿ ತಂತಿ ಷಡ್ಜವಾದರೆ ಅಲ್ಲಿ ತಾರ ಷಡ್ಜ ಬರಬೇಕು. ಮೊದಲು ಅಲ್ಲಿ ತಂತಿಯನ್ನು ಒತ್ತದೆ, ಬೆರಳು ಸೋಕಿಸಿ ಮೀಟಿ, ಗಂಟೆಯಂಥ ದನಿ ಬರುತ್ತದೆ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ ಸ್ವರ ಏರಿದರೆ ಪುಟ್ಟ ಕುದುರೆಯನ್ನು ಹಿಂದಕ್ಕೆ ಸರಿಸಿ ತಂತಿ ಉದ್ದ ಮಾಡಿ. ಇಳಿದರೆ ಕತ್ತಿನ ಕಡೆಗೆ ಮುಂದಕ್ಕೆ ತನ್ನಿ. ಕುದುರೆಯ ಹಿಂಬದಿಯ ಸ್ಕ್ರೂ ಇರುವುದು ಅದಕ್ಕೇ. ಸರಿಸಿದಾಗಲೆಲ್ಲಾ ಮತ್ತೆ ಶ್ರುತಿ ಮಾಡಿ ನೋಡಬೇಕು. ಆರು ತಂತಿಗೆ ಒಂದು ಗಂಟೆ ಹಿಡಿಯಿತು. ಇಲ್ಲಿ ನನ್ನ ಕಿವಿ ಟ್ಯೂನರಿಗಿಂತ ಮುಂಚೆ ಹೇಳುತ್ತಿತ್ತು. "ಅಮ್ಮಾ, ನಿಂಗೆ ಹೆಂಗೆ ಗೊತ್ತಾಗತ್ತೆ?" ಎಂದಳು ಮಗಳು. ಶ್ರುತಿಜ್ಞಾನ ಸಾಲದು ಎನ್ನಿಸಿಕೊಂಡವಳು ಏನು ಹೇಳಲಿ!

ತಂತಿಯ ಕೆಳಗಿರುವ ಮೂರು ಪಟ್ಟಿಗಳು ಪಿಕಪ್‌ಗಳು. ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿರುತ್ತಾರೆ, ದನಿ ಕರೆಂಟಾಗುವುದು ಅಲ್ಲೇ. ಸದ್ದು ಜಾಸ್ತಿ ಬರಲೆಂದು ಅವನ್ನು ತೀರಾ ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ತಂತಿ ಒತ್ತಿದಾಗ ಎರಡು ಎರಡೂವರೆ ಮಿಲಿಮೀಟರು ಅಂತರ ಇರಲಿ.

ಒಂದು ಮಾತನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆಂಪ್ಲಿಫೈಯರಿಗೆ ಜೋಡಿಸಿದಾಗ ತಂತಿ ಮುಟ್ಟಿದರೆ ಸಣ್ಣಗೆ ಜುಮ್ ಎನ್ನುತ್ತದೆ ಎಂದು ಮಗಳು ಹಿಂದೆಯೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಿರಿಯರು ಇದನ್ನು ಕೇಳಿದ್ದೇ ಕಾಫಿ ಲೋಟ ಕೆಳಗಿಟ್ಟು ಎದ್ದರು. ಗಿಟಾರಿನ ತಂತಿಗಳು ಕುದುರೆಯ ಮೂಲಕ ವಯರಿನಲ್ಲಿ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ಅರ್ತ್ ಇಲ್ಲದಿದ್ದರೆ, ಒಳಗೆ ಏನಾದರೂ ಕೆಟ್ಟಾಗ ಕರೆಂಟು ನುಡಿಸುವವರ ಮೈಮೇಲೇ ಬರಬಹುದು. ನೋಡಿದರೆ, ಅವಳ ಕೋಣೆಯ ಪ್ಲಗ್ಗಿಗೆ ಮೂರು ತೂತಿದ್ದವು, ಅರ್ತಿನ ವಯರೇ ಇರಲಿಲ್ಲ! ಮರುದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಳೆಸಿದೆವು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಹಾಕಬೇಡಿ, ಒದ್ದೆ ಕೈಯಲ್ಲಿ ನುಡಿಸಬೇಡಿ, ಆಂಪ್ಲಿಫೈಯರನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದು.

ಕೊನೆಗೆ ಎಣ್ಣೆಯ ವಿಷಯ. ನಮ್ಮ ಗಿಟಾರಿನ ಮೆಟ್ಟಿಲುಗಳು ಕೂತಿರುವ ಕಂದು ಪಟ್ಟಿ ಬೀಟೆ ಮರದ್ದು. ನಮ್ಮ ಪಶ್ಚಿಮ ಘಟ್ಟದ ಮರವೇ. ೧೯೬೦ರ ದಶಕದ ಕೊನೆಗೆ ಬ್ರೆಜಿಲ್ ದೇಶದ ಬೀಟೆ ದಿಮ್ಮಿಗಳು ಹೊರಗೆ ಹೋಗುವುದು ನಿಂತ ಮೇಲೆ ಅಮೆರಿಕದ ಗಿಟಾರು ತಯಾರಕರು ಭಾರತದ ಬೀಟೆಗೆ ತಿರುಗಿಕೊಂಡರಂತೆ. ಅತ್ತೆಯವರಿಗೆ ಇದನ್ನು ಹೇಳಿದಾಗಿನಿಂದ ಗಿಟಾರಿನ ಮೇಲೆ ಅವರಿಗೆ ಸ್ವಲ್ಪ ಮಮತೆ ಬಂದಿದೆ. "ಒಣಗಿದೆಯಲ್ಲೇ, ಕೊಬ್ಬರಿ ಎಣ್ಣೆ ಹಚ್ಚು" ಎಂದರು. ಬೇಡ! ಅಡುಗೆಯ ಎಣ್ಣೆಗಳು ಕ್ರಮೇಣ ಜಿಗುಟಾಗಿ ಕಮಟು ನಾತ ಬರುತ್ತವೆ. ವಾದ್ಯದ ಅಂಗಡಿಯಲ್ಲಿ ಸಿಗುವ ಎಣ್ಣೆ, ವರ್ಷಕ್ಕೆ ಒಂದೆರಡು ಸಲ ನಾಲ್ಕು ಹನಿ ಹಚ್ಚಿ ಒರೆಸಿದರೆ ಸಾಕು. ದಿನವೂ ನುಡಿಸಿದ ಮೇಲೆ ಬೆವರು ಹೋಗುವಂತೆ ಒಣಬಟ್ಟೆಯಲ್ಲಿ ತಂತಿ ಒರೆಸಿದರೆ ತುಕ್ಕು ಬೇಗ ಹಿಡಿಯುವುದಿಲ್ಲ.

ಎರಡನೇ ಭಾನುವಾರ ಸಂಜೆ ಮಗಳು ಗಿಟಾರು ತೊಡೆಯ ಮೇಲಿಟ್ಟುಕೊಂಡಳು. ಹೆದರಿ ಹೆದರಿ ಬೆರಳಿಟ್ಟಳು, ಹಳೆಯ ಅಭ್ಯಾಸದಂತೆ ಹಲ್ಲು ಕಚ್ಚಿಕೊಂಡೇ ಒತ್ತಿದಳು. ಆಮೇಲೆ ಅವಳ ಭುಜ ಕೆಳಗಿಳಿಯಿತು. "ಅಷ್ಟೇನಾ?" ಎಂದಳು. ರಾತ್ರಿ ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಹಿರಿಯರು ದುಡ್ಡು ಮುಟ್ಟಲಿಲ್ಲ. ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಟ್ಟೆ.

ಈಗ ಆಷಾಢ. ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ, ದೇವರ ಕೋಣೆಯ ಬಾಗಿಲೇ ಉಬ್ಬಿಕೊಂಡು ಹಾಕಲು ಬರುತ್ತಿಲ್ಲ. ಗಿಟಾರಿನ ಕತ್ತೂ ತೇವ ಕುಡಿದು ಮತ್ತೆ ಒಂದಿಷ್ಟು ಬಾಗಿದೆ. ನಿನ್ನೆ ಸಂಜೆ ಕೋಣೆಯಿಂದ ಕೂಗಿದಳು, "ಅಮ್ಮಾ, ತಂತಿ ಮೇಲೆ ಬಂದಿದೆ. ಕನ್ನಡಕ, ಕಾರ್ಡು ತಗೊಂಡು ಬಾ." ದೋಸೆ ಹಿಟ್ಟು ರುಬ್ಬಿಟ್ಟು ಹೋದೆ.